ಆಕಳು ಎಮ್ಮೆಗಳ ಹೆರಿಗೆಯಲ್ಲಿ ಗರ್ಭಕೋಶ ಸಡಿಲಿಸುವ ಔಷಧಿಗಳು

(ಭಾಷಣದ ಪಾಠ)



ಬೀದರ, ಭಾಲ್ಕಿ ಮತ್ತು ಔರಾದ ಭಾಗದ ಒಕ್ಕಲುತನದಲ್ಲಿ ತೊಗರಿ, ಉದ್ದು, ಸೋಯಾ ಅವರೆ, ಜೋಳದ ಬೆಳೆಗಳು ಮಳೆಯನ್ನು ನೆಚ್ಚಿಕೊಂಡಿವೆ. ಮನೆಯ ದಿನದ ಖರ್ಚು ಹಾಲನ್ನು ನೆಚ್ಚಿಕೊಂಡಿದೆ. ಈ ಸೀಮೆಯ ದೇವಣಿ ತಳಿ ಉಳುಮೆಗೂ ಹಾಲಿಗೂ ಒದಗುವಂತಹುದು. ಇದರ ಮೂಲ ನೆಲೆ ಗಡಿಯಾಚೆಯ ಲಾತೂರ ಜಿಲ್ಲೆಯಾದರೂ ಔರಾದ, ಭಾಲ್ಕಿ ತಾಲೂಕುಗಳ ಕೊಟ್ಟಿಗೆಗಳಲ್ಲಿ ಇದು ಮನೆಯ ತಳಿಯೇ ಆಗಿದೆ. ದೇವಣಿಯ ಜೊತೆಗೆ ಎಮ್ಮೆಗಳೂ ಮಿಶ್ರತಳಿ ಆಕಳುಗಳೂ ಈಗ ಸಾಕಷ್ಟಿವೆ.

ಆಕಳು ಸುಮಾರು 280 ದಿನ, ಎಮ್ಮೆ ಸುಮಾರು 310 ದಿನ ಗಬ್ಬ ಹೊರುತ್ತದೆ. ಇಷ್ಟು ದಿನ ಮೇವು, ಹಿಂಡಿ ಹಾಕಿ ಜೋಪಾನ ಮಾಡಿದ ರಾಸು ಈಯುವ ಒಂದು ರಾತ್ರಿಯಲ್ಲಿ ಕೈಬಿಟ್ಟುಹೋಗುವುದುಂಟು. ಔಷಧಿ ಸಿಗದೆ ಹೀಗಾಗುವುದು ಒಂದು ಬಗೆ. ಔಷಧಿ ಸಿಕ್ಕಿಯೂ ಅದು ತಪ್ಪು ಔಷಧಿಯಾಗಿ, ಇಲ್ಲವೆ ಸರಿಯಾದ ಔಷಧಿಯೇ ತಪ್ಪು ಹೊತ್ತಿನಲ್ಲಿ ಬಿದ್ದು ಹೀಗಾಗುವುದು ಇನ್ನೊಂದು ಬಗೆ. ಎರಡನೆಯದನ್ನು ತಿಳಿವಳಿಕೆಯಿಂದ ತಪ್ಪಿಸಬಹುದು. ಬಿತ್ತನೆಗೆ ಹದ ಇರುವಂತೆ ಹೆರಿಗೆಯ ಔಷಧಿಗೂ ಒಂದು ಹದ ಇದೆ. ಆ ಹದವನ್ನು ತಿಳಿಸುವುದೇ ಈ ಭಾಷಣದ ಉದ್ದೇಶ.

ಗರ್ಭಕೋಶ ಕೆಲಸ ಮಾಡುವ ಬಗೆ

ಗರ್ಭಕೋಶವೆಂದರೆ ಸ್ನಾಯುವಿನಿಂದಾದ ಒಂದು ಚೀಲ. ಅದರ ಬಾಯಿಗೆ ಗರ್ಭಕಂಠವೆಂದು ಹೆಸರು. ಗಬ್ಬದ ಕಾಲದಲ್ಲಿ ಚೀಲ ಸಡಿಲವಾಗಿಯೂ ಬಾಯಿ ಬಿಗಿಯಾಗಿಯೂ ಇರಬೇಕು. ಈಯುವಾಗ ಇದು ತಿರುಗುಮುರುಗಾಗಬೇಕು: ಬಾಯಿ ತೆರೆಯಬೇಕು, ಆಮೇಲೆ ಚೀಲ ಕುಗ್ಗಿ ಕರುವನ್ನು ಹೊರಕ್ಕೆ ತಳ್ಳಬೇಕು.

ಸ್ನಾಯುವಿನ ಜೀವಕೋಶದೊಳಕ್ಕೆ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ನುಗ್ಗಿದಾಗ ಸ್ನಾಯು ಕುಗ್ಗುತ್ತದೆ. ಅದು ಹಿಂದೆ ಸರಿದಾಗ ಸಡಿಲವಾಗುತ್ತದೆ. ಗರ್ಭಕೋಶದ ಮೇಲೆ ಕೆಲಸ ಮಾಡುವ ಬಹುತೇಕ ಔಷಧಿಗಳ ಗುಟ್ಟು ಇಷ್ಟೇ. ಕುಗ್ಗಿಸುವ ಔಷಧಿ ಕ್ಯಾಲ್ಸಿಯಂ ಕೆಲಸವನ್ನು ಹೆಚ್ಚಿಸುತ್ತದೆ, ಸಡಿಲಿಸುವ ಔಷಧಿ ಅದನ್ನು ತಗ್ಗಿಸುತ್ತದೆ.

ದೇಹದಲ್ಲೇ ಈ ಎರಡೂ ಬಗೆಯ ರಸಗಳಿವೆ. ಗಬ್ಬದ ಉದ್ದಕ್ಕೂ ಗರ್ಭಕೋಶವನ್ನು ತಣ್ಣಗಿಡುವುದು ಪ್ರೊಜೆಸ್ಟರಾನ್. ಹೆರಿಗೆಯ ವೇಳೆ ಕುಗ್ಗಿಸುವವು ಆಕ್ಸಿಟೋಸಿನ್ ಮತ್ತು ಪ್ರೊಸ್ಟಾಗ್ಲಾಂಡಿನ್. ಇವಲ್ಲದೆ ಮತ್ತೊಂದು ಉಂಟು: ಪ್ರಾಣಿ ಹೆದರಿದಾಗ ರಕ್ತಕ್ಕೆ ಸೇರುವ ಅಡ್ರಿನಲಿನ್. ಇದು ಗರ್ಭಕೋಶವನ್ನು ಸಡಿಲಿಸಿ ಹೆರಿಗೆಯನ್ನು ತಡೆಹಿಡಿಯುತ್ತದೆ. ಕಾಡಿನಲ್ಲಿ ಹುಲಿ ಬಂದಾಗ ಈಯುವುದನ್ನು ನಿಲ್ಲಿಸಿ ಓಡಿಹೋಗಲು ಪ್ರಕೃತಿ ಕೊಟ್ಟ ಉಪಾಯವಿದು. ಕೊಟ್ಟಿಗೆಯಲ್ಲಿ ಹುಲಿ ಇಲ್ಲ. ಆದರೆ ಹತ್ತು ಮಂದಿ ಸುತ್ತ ನಿಂತು ಗದ್ದಲ ಮಾಡಿದರೆ, ನಾಯಿ ಬೊಗಳಿದರೆ, ಮಣಕವನ್ನು ಹೊಡೆದು ಎಬ್ಬಿಸಿದರೆ ಅದೇ ಪರಿಣಾಮವಾಗುತ್ತದೆ. ಆದ್ದರಿಂದ ಈಯುವ ರಾಸಿಗೆ ಮೊದಲ ಔಷಧಿ ಏಕಾಂತ. ಇದಕ್ಕೆ ಖರ್ಚಿಲ್ಲ.

ಸಡಿಲಿಸುವ ಔಷಧಿಗಳ ಗುಂಪುಗಳು

ಮೊದಲನೆಯ ಗುಂಪು ಅಡ್ರಿನಲಿನ್ ಮಾದರಿಯ ಔಷಧಿಗಳು. ಐಸಾಕ್ಸುಪ್ರಿನ್, ರಿಟೊಡ್ರಿನ್, ಟರ್ಬ್ಯೂಟಲಿನ್, ಕ್ಲೆನ್‌ಬ್ಯುಟರಾಲ್ ಇವು ಈ ಗುಂಪಿನವು. ಗರ್ಭಕೋಶದ ಸ್ನಾಯುವಿನ ಮೇಲೆ ಬೀಟಾ-2 ಎಂಬ ಗ್ರಾಹಕಗಳಿವೆ. ಕೀಲಿಕೈ ಬೀಗದಲ್ಲಿ ಕೂರುವಂತೆ ಈ ಔಷಧಿ ಅಲ್ಲಿ ಕೂರುತ್ತದೆ, ಸ್ನಾಯು ಸಡಿಲವಾಗುತ್ತದೆ. ಅಂತಹ ಗ್ರಾಹಕಗಳು ಬೇರೆ ಅಂಗಗಳಲ್ಲೂ ಇರುವುದರಿಂದ ಎದೆಬಡಿತ ಹೆಚ್ಚುವುದು, ಮೈ ನಡುಗುವುದು, ಬೆವರುವುದು ಇವೇ ಅಡ್ಡ ಪರಿಣಾಮಗಳು. ನಮ್ಮ ದೇಶದಲ್ಲಿ ಪಶುವೈದ್ಯರು ಐಸಾಕ್ಸುಪ್ರಿನ್ ಅನ್ನು ಉಪಯೋಗಿಸುವುದುಂಟು. ಯುರೋಪಿನಲ್ಲಿ ಆಕಳಿನ ಹೆರಿಗೆಯನ್ನು ಕೆಲವು ಗಂಟೆ ಮುಂದೂಡಲು ಕ್ಲೆನ್‌ಬ್ಯುಟರಾಲ್ ಬಳಸುತ್ತಾರೆ.

ಎರಡನೆಯದು ಪ್ರೊಜೆಸ್ಟರಾನ್. ಗಬ್ಬ ನಿಲ್ಲದಿರಲು ಈ ರಸದ ಕೊರತೆಯೇ ಕಾರಣವೆಂದು ವೈದ್ಯರಿಗೆ ಕಂಡಾಗ ಕೊಡುತ್ತಾರೆ. ಇದು ದಿನಗಟ್ಟಲೆ ಕೆಲಸ ಮಾಡುವ ಔಷಧಿಯೇ ಹೊರತು ಹೆರಿಗೆಯ ರಾತ್ರಿಯ ಔಷಧಿಯಲ್ಲ.

ಮೂರನೆಯದು ಸೆಳೆತ ಬಿಡಿಸುವ ಔಷಧಿಗಳು. ವ್ಯಾಲೆಥಮೇಟ್ ಬ್ರೋಮೈಡ್ ಇದಕ್ಕೆ ಉದಾಹರಣೆ. ಗರ್ಭಕಂಠ ಅರ್ಧ ತೆರೆದು ಮುಂದೆ ತೆರೆಯದಿದ್ದಾಗ ಇದನ್ನು ಬಳಸುತ್ತಾರೆ.

ನಾಲ್ಕನೆಯದಾಗಿ, ಬಾಲದ ಬುಡದಲ್ಲಿ ಬೆನ್ನುಮೂಳೆಗೆ ಕೊಡುವ ಲಿಗ್ನೊಕೇನ್ ಚುಚ್ಚುಮದ್ದು. ಇದು ಗರ್ಭಕೋಶವನ್ನು ಸಡಿಲಿಸುವುದಿಲ್ಲ. ರಾಸು ಹೊಟ್ಟೆಯಿಂದ ತಿಣುಕುವುದನ್ನು ಮಾತ್ರ ನಿಲ್ಲಿಸುತ್ತದೆ. ತಿಣುಕುವುದು ನಿಂತರೆ ವೈದ್ಯರ ಕೈಗೆ ಒಳಗೆ ಜಾಗ ಸಿಗುತ್ತದೆ. ತಿಣುಕುವುದು ಬೇರೆ, ಗರ್ಭಕೋಶ ಕುಗ್ಗುವುದು ಬೇರೆ ಎಂಬುದನ್ನು ವಿಸ್ತರಣಾ ಕಾರ್ಯಕರ್ತರು ಅವಶ್ಯವಾಗಿ ತಿಳಿದಿರಬೇಕು.

ಮಂಪರು ಬರಿಸುವ ಔಷಧಿಗಳೆಲ್ಲ ಗರ್ಭಕೋಶವನ್ನು ಸಡಿಲಿಸುತ್ತವೆಂದು ತಿಳಿಯಬಾರದು. ಝೈಲಜಿನ್ ಆಕಳನ್ನು ತೂಕಡಿಸುವಂತೆ ಮಾಡುತ್ತದೆ, ಆದರೆ ಗರ್ಭಕೋಶವನ್ನು ಕುಗ್ಗಿಸುತ್ತದೆ. ತುಂಬು ಗಬ್ಬದ ರಾಸಿಗೆ ಅದನ್ನು ಎಚ್ಚರದಿಂದ ಬಳಸುವುದು ಇದೇ ಕಾರಣಕ್ಕೆ.

ಸಡಿಲಿಸುವ ಔಷಧಿಯ ಉಪಯೋಗ

ಸಡಿಲಿಸುವ ಔಷಧಿ ಕರುವನ್ನು ಹೊರಗೆ ತರುವುದಿಲ್ಲ. ತಿರುಗಿದ ತಲೆಯನ್ನು ಸರಿಪಡಿಸುವುದಿಲ್ಲ. ಅದು ಕೊಡುವುದು ಸಮಯ ಮತ್ತು ಜಾಗ, ಅಷ್ಟೇ. ಕರುವಿನ ಕಾಲು ಮಡಚಿಕೊಂಡಿದ್ದರೆ, ತಲೆ ಪಕ್ಕಕ್ಕೆ ಹೊರಳಿದ್ದರೆ, ಅದನ್ನು ಹಿಂದಕ್ಕೆ ಸರಿಸಿ ನೆಟ್ಟಗೆ ಮಾಡಬೇಕು. ಬಿಗಿಯಾಗಿ ಅಪ್ಪಿಕೊಂಡ ಗರ್ಭಕೋಶದಲ್ಲಿ ಇದು ಸಾಧ್ಯವಿಲ್ಲ, ಸಡಿಲವಾದಾಗ ಸಾಧ್ಯ. ಹೊಟ್ಟೆ ಕೊಯ್ದು ಕರು ತೆಗೆಯುವಾಗಲೂ ಸಡಿಲವಾದ ಗರ್ಭಕೋಶವನ್ನು ಹೊರಗೆ ಎಳೆದುಕೊಳ್ಳುವುದು ಸುಲಭ.

ಆದರೆ ಈ ಔಷಧಿಗೂ ಎಲ್ಲೆ ಇದೆ. ಹೊಟ್ಟೆಯಲ್ಲಿ ಸತ್ತ ಕರು ಕೊಳೆಯುತ್ತಿದ್ದರೆ ಹೆರಿಗೆಯನ್ನು ಮುಂದೂಡುವುದು ತಾಯಿಯ ಜೀವಕ್ಕೆ ಮುಳುವು. ರಕ್ತ ಹೋಗುತ್ತಿದ್ದರೆ ಸಡಿಲವಾದ ಗರ್ಭಕೋಶ ರಕ್ತಸ್ರಾವವನ್ನು ಹೆಚ್ಚಿಸುತ್ತದೆ. ಔಷಧಿಯ ಪ್ರಭಾವ ಇರುವಷ್ಟು ಹೊತ್ತು ಆಕ್ಸಿಟೋಸಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಆದ್ದರಿಂದ ಈದ ಮೇಲೆ ಮಾಸು ಬೀಳುವುದನ್ನು ಗಮನಿಸುತ್ತಿರಬೇಕು. ಹೃದಯದ ತೊಂದರೆ ಇರುವ ರಾಸಿಗೂ ಅಡ್ರಿನಲಿನ್ ಮಾದರಿಯ ಔಷಧಿ ಹಿತವಲ್ಲ.

ಕ್ಲೆನ್‌ಬ್ಯುಟರಾಲ್ ವಿಷಯದಲ್ಲಿ ಜಗತ್ತು ಒಂದು ಪಾಠ ಕಲಿತಿದೆ. ಮಾಂಸ ಹೆಚ್ಚಲೆಂದು ಇದನ್ನು ರಾಸುಗಳಿಗೆ ಕದ್ದು ತಿನ್ನಿಸುತ್ತಿದ್ದ ಕಾಲದಲ್ಲಿ, 1990ರ ಸುಮಾರಿಗೆ ಸ್ಪೇನ್ ದೇಶದಲ್ಲಿ ಆ ರಾಸುಗಳ ಪಿತ್ತಜನಕಾಂಗ ತಿಂದ ನೂರಕ್ಕೂ ಹೆಚ್ಚು ಜನ ಎದೆಬಡಿತ, ನಡುಕದಿಂದ ಕಾಯಿಲೆ ಬಿದ್ದರು. ಯುರೋಪಿನ ಒಕ್ಕೂಟ 1996ರಲ್ಲಿ ಸಾಕುಪ್ರಾಣಿಗಳಲ್ಲಿ ಈ ಗುಂಪಿನ ಔಷಧಿಗಳನ್ನು ಹೀಗೆ ಬಳಸುವುದನ್ನು ನಿಷೇಧಿಸಿತು. ಈಯುವ ಆಕಳಿಗೆ ವೈದ್ಯರು ಕೊಡುವುದಕ್ಕೆ ವಿನಾಯಿತಿ ಇಟ್ಟಿತು. ಪ್ರಾಣಿಗೆ ಕೊಟ್ಟದ್ದು ಮನುಷ್ಯನ ತಟ್ಟೆಗೂ ಬರುತ್ತದೆ. ಯಾವ ಔಷಧಿ ಕೊಟ್ಟ ಮೇಲೂ ಎಷ್ಟು ದಿನ ಹಾಲು ಬಳಸಬಾರದೆಂದು ವೈದ್ಯರನ್ನು ಕೇಳುವುದು ರೈತರ ಹಕ್ಕು, ಕರ್ತವ್ಯ ಎರಡೂ ಹೌದು.

ಎಮ್ಮೆಯ ಗರ್ಭಕೋಶ ತಿರುಚಿಕೊಳ್ಳುವುದು

ಎಮ್ಮೆಗಳಲ್ಲಿ ಕಷ್ಟದ ಹೆರಿಗೆಗೆ ಬಹು ಮುಖ್ಯ ಕಾರಣ ಗರ್ಭಕೋಶ ತಿರುಚಿಕೊಳ್ಳುವುದು. ನೀರು ತುಂಬಿದ ಚೀಲವನ್ನು ಕೈಯಲ್ಲಿ ಹಿಡಿದು ತಿರುಗಿಸಿದರೆ ಅದರ ಕುತ್ತಿಗೆ ಹುರಿಗೊಂಡು ಬಾಯಿ ಮುಚ್ಚಿಹೋಗುವಂತೆ ಇಲ್ಲಿಯೂ ಆಗುತ್ತದೆ. ಹೆಚ್ಚಿನ ಎಮ್ಮೆಗಳಲ್ಲಿ ಈ ತಿರುಚು ಬಲಕ್ಕೆ ಇರುತ್ತದೆ.

ದಿನ ತುಂಬಿದ ಎಮ್ಮೆ ಮೇವು ಬಿಡುತ್ತದೆ, ಏಳುತ್ತದೆ, ಮಲಗುತ್ತದೆ, ಹೊಟ್ಟೆಗೆ ಒದ್ದುಕೊಳ್ಳುತ್ತದೆ. ಗಂಟೆಗಳು ಕಳೆದರೂ ನೀರಿನ ಚೀಲ ಕಾಣುವುದಿಲ್ಲ. ಕೆಲವೊಮ್ಮೆ ಯೋನಿಯ ತುಟಿ ಒಂದು ಬದಿಗೆ ಒಳಕ್ಕೆ ಎಳೆದಂತೆ ಕಾಣುತ್ತದೆ. ಆಮೇಲೆ ನೋವು ತಗ್ಗಿ ಎಮ್ಮೆ ಸುಮ್ಮನೆ ನಿಲ್ಲುತ್ತದೆ. “ಇವತ್ತು ಈಯುವುದಿಲ್ಲ, ನಾಳೆ ನೋಡೋಣ” ಎಂದು ಮನೆಯವರು ಸಮಾಧಾನಪಡುವುದು ಇಲ್ಲಿಯೇ. ಈ ಸಮಾಧಾನದಲ್ಲಿ ಕರು ಸಾಯುತ್ತದೆ.

ಇಂತಹ ಎಮ್ಮೆಗೆ “ನೋವು ಬರಿಸುವ” ಚುಚ್ಚುಮದ್ದೆಂದು ಆಕ್ಸಿಟೋಸಿನ್ ಕೊಟ್ಟರೆ ಏನಾಗುತ್ತದೆ? ಬಾಯಿ ಮುಚ್ಚಿದೆ, ಚೀಲ ಬಲವಾಗಿ ಕುಗ್ಗುತ್ತದೆ, ಕರುವಿಗೆ ದಾರಿ ಇಲ್ಲ. ಕರುವಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಗರ್ಭಕೋಶ ಹರಿದುಹೋಗಬಹುದು. ದಾರಿ ತೆರೆದಿದೆಯೆಂದು ಕೈಯಿಟ್ಟು ನೋಡದೆ ಆಕ್ಸಿಟೋಸಿನ್ ಕೊಡಲೇಕೂಡದು.

ಪಶುವೈದ್ಯರು ಒಳಗೆ ಕೈಯಿಟ್ಟು ತಿರುಚು ಯಾವ ಕಡೆಗಿದೆ ಎಂದು ಮೊದಲು ನಿರ್ಧರಿಸುತ್ತಾರೆ. ತಿರುಚು ಬಲಕ್ಕಿದ್ದರೆ ಎಮ್ಮೆಯನ್ನು ಬಲಮಗ್ಗುಲಿಗೆ ಕೆಡವಿ, ಹೊಟ್ಟೆಯ ಮೇಲೆ ಹಲಗೆ ಇಟ್ಟು, ಅದರ ಮೇಲೆ ಒಬ್ಬರು ನಿಂತು, ಬಲಕ್ಕೇ ಉರುಳಿಸುತ್ತಾರೆ. ಹಲಗೆ ಗರ್ಭಕೋಶವನ್ನು ಅಲುಗದಂತೆ ಹಿಡಿದಿರುತ್ತದೆ. ದೇಹ ತಿರುಗಿ ತಿರುಚು ಬಿಚ್ಚುತ್ತದೆ. ಎಡ ಬಲ ತಿಳಿಯದೆ ಉರುಳಿಸಿದರೆ ಹುರಿ ಇನ್ನೂ ಬಿಗಿಯಾಗುತ್ತದೆ. ಆದ್ದರಿಂದ ಇದು ನೋಡಿ ಕಲಿತು ಊರಲ್ಲಿ ಮಾಡುವ ಕೆಲಸವಲ್ಲ. ತಿರುಚಿ 36 ಗಂಟೆ ದಾಟಿದ ಮೇಲೆ ಉರುಳಿಸಿ ಬಿಡಿಸುವುದು ಕಷ್ಟವಾಗುತ್ತ ಹೋಗುತ್ತದೆ. ತಿರುಚು ಬಿಚ್ಚಿದ ಮೇಲೂ ಎಷ್ಟೋ ಎಮ್ಮೆಗಳಲ್ಲಿ ಗರ್ಭಕಂಠ ಪೂರ್ತಿ ತೆರೆದಿರುವುದಿಲ್ಲ. ಸಡಿಲಿಸುವ ಔಷಧಿಯ ಹದ ಇಲ್ಲಿ ಬರುತ್ತದೆ: ಮೊದಲು ಕೈ, ಆಮೇಲೆ ಔಷಧಿ.

ಗರ್ಭಕೋಶ ಹೊರಬಿದ್ದಾಗ

ಈದ ಕೆಲವು ಗಂಟೆಗಳಲ್ಲಿ ಗರ್ಭಕೋಶ ಹೊರಬೀಳುವುದು ಮತ್ತೊಂದು ಗಂಡಾಂತರ. ಇಲ್ಲಿ ಎರಡೂ ಬಗೆಯ ಔಷಧಿಗಳಿಗೆ ಕೆಲಸವಿದೆ, ಆದರೆ ಕ್ರಮ ತಪ್ಪಬಾರದು. ಒಳಗೆ ಸೇರಿಸುವ ಮೊದಲು ತಿಣುಕುವುದನ್ನು ನಿಲ್ಲಿಸಬೇಕು, ಗರ್ಭಕೋಶ ಮೆತ್ತಗಿರಬೇಕು. ಪೂರ್ತಿ ಒಳಗೆ ಸೇರಿಸಿದ ಮೇಲೆ ಮಾತ್ರ ಆಕ್ಸಿಟೋಸಿನ್; ಆಗ ಅದು ಕುಗ್ಗಿ ತನ್ನ ಸ್ಥಾನದಲ್ಲಿ ನಿಲ್ಲುತ್ತದೆ. ಮೊದಲೇ ಕೊಟ್ಟರೆ ಹೊರಗಿರುವ ಗರ್ಭಕೋಶ ಕಲ್ಲಿನಂತೆ ಗಟ್ಟಿಯಾಗಿ ಒಳಗೆ ಹೋಗುವುದೇ ಇಲ್ಲ.

ವೈದ್ಯರು ಬರುವವರೆಗೆ ರೈತರು ಮಾಡಬೇಕಾದದ್ದು: ಹೊರಬಿದ್ದ ಭಾಗವನ್ನು ಶುದ್ಧವಾದ ತಣ್ಣೀರಿನಿಂದ ತೊಳೆದು, ಒದ್ದೆಯಾದ ಶುಭ್ರ ಪಂಚೆಯಲ್ಲಿ ಸುತ್ತಿ, ಇಬ್ಬರು ಎತ್ತಿ ಹಿಡಿದಿರಬೇಕು. ನಾಯಿ, ಕಾಗೆ ಹತ್ತಿರ ಬರಗೊಡಬಾರದು. ರಾಸನ್ನು ನಡೆಸಬಾರದು.

ಈ ಎರಡೂ ಗಂಡಾಂತರಗಳಲ್ಲಿ ಸುಣ್ಣದಂಶದ ಕೊರತೆಯನ್ನು ಮರೆಯಬಾರದು. ಹೆಚ್ಚು ಹಾಲಿನ ರಾಸುಗಳಲ್ಲಿ ಈಯುವ ಹೊತ್ತಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿ ಗರ್ಭಕೋಶಕ್ಕೆ ಶಕ್ತಿಯೇ ಇರುವುದಿಲ್ಲ. ಕಿವಿ ತಣ್ಣಗಾಗಿ ರಾಸು ಕತ್ತು ಮಡಚಿ ಮಲಗುತ್ತದೆ. ಇಂತಹ ರಾಸಿಗೆ ಸಡಿಲಿಸುವ ಔಷಧಿ ಕೊಟ್ಟರೆ ಬಿದ್ದವನ ಮೇಲೆ ಕಲ್ಲು ಹೇರಿದಂತೆ. ಅದಕ್ಕೆ ಬೇಕಾದದ್ದು ಕ್ಯಾಲ್ಸಿಯಂ. ಅದನ್ನೂ ರಕ್ತನಾಳಕ್ಕೆ ಬಹಳ ನಿಧಾನವಾಗಿ, ಎದೆಬಡಿತ ನೋಡುತ್ತ ವೈದ್ಯರೇ ಕೊಡಬೇಕು.

ತುಂಬು ಗಬ್ಬದಲ್ಲಿ ಎಚ್ಚರಿಕೆ

ಹೆರಿಗೆಯ ದಿನವನ್ನು ನಿರ್ಧರಿಸುವುದು ತಾಯಿಯಲ್ಲ, ಹೊಟ್ಟೆಯಲ್ಲಿರುವ ಕರು. ದಿನ ತುಂಬಿದ ಕರುವಿನ ದೇಹದಲ್ಲಿ ಕಾರ್ಟಿಸಾಲ್ ಹೆಚ್ಚಾಗುತ್ತದೆ. ಅದರಿಂದ ತಾಯಿಯ ಪ್ರೊಜೆಸ್ಟರಾನ್ ಇಳಿದು ಹೆರಿಗೆ ಆರಂಭವಾಗುತ್ತದೆ. ಇದನ್ನು 1960ರ ದಶಕದಲ್ಲಿ ನ್ಯೂಜಿಲೆಂಡಿನ ವೈದ್ಯ ಗ್ರಹಾಂ ಲಿಗ್ಗಿನ್ಸ್ ಕುರಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು.

ಇದರಿಂದ ರೈತರಿಗೆ ಸಿಗುವ ಪಾಠ ದೊಡ್ಡದು. ಡೆಕ್ಸಾಮೆಥಸೋನ್ ಎಂಬುದು ಕಾರ್ಟಿಸಾಲ್ ಮಾದರಿಯ ಔಷಧಿ. ಜ್ವರ, ಬಾವು, ಕಾಲುನೋವು ಎಂದು ಅದನ್ನು ಗಬ್ಬದ ಕೊನೆಯ ತಿಂಗಳಲ್ಲಿರುವ ರಾಸಿಗೆ ಕೊಟ್ಟರೆ ಎರಡು ಮೂರು ದಿನಗಳಲ್ಲಿ ಈಯಬಹುದು. ಮಾಸು ಬೀಳದೆ ಉಳಿಯಬಹುದು. ಪ್ರೊಸ್ಟಾಗ್ಲಾಂಡಿನ್ ಚುಚ್ಚುಮದ್ದು ಗಬ್ಬದ ಮೊದಲ ತಿಂಗಳುಗಳಲ್ಲಿರುವ ಆಕಳು ಕಂದು ಹಾಕುವಂತೆ ಮಾಡುತ್ತದೆ. ಮೇಕೆಯಲ್ಲಿ ಇದು ಗಬ್ಬದ ಯಾವ ತಿಂಗಳಲ್ಲಾದರೂ ಆಗಬಹುದು. ಬೀದರದ ಬಿದ್ರಿ ಮೇಕೆ ಸಾಕುವವರು ಇದನ್ನು ನೆನಪಿಡಬೇಕು. ಯಾವುದೇ ಚುಚ್ಚುಮದ್ದಿನ ಮುಂಚೆ “ಇದು ಗಬ್ಬದ ರಾಸು, ಇಷ್ಟು ತಿಂಗಳು” ಎಂದು ಬಾಯಿಬಿಟ್ಟು ಹೇಳಬೇಕು. ಗರ್ಭಧಾರಣೆಯ ದಿನಾಂಕವನ್ನು ಗೋಡೆಯ ಮೇಲಾದರೂ ಬರೆದಿಡಬೇಕು.

ಮನೆಯ ಹೆಣ್ಣುಮಕ್ಕಳ ವಿಷಯ

ಲಿಗ್ಗಿನ್ಸ್ ಅವರ ಕುರಿಗಳ ಕಥೆ ಅಲ್ಲಿಗೇ ಮುಗಿಯಲಿಲ್ಲ. ದಿನ ತುಂಬದೆ ಹುಟ್ಟಿದ ಕುರಿಮರಿ ಬದುಕಬಾರದಿತ್ತು. ಆದರೆ ಔಷಧಿ ಪಡೆದ ಮರಿ ಉಸಿರಾಡಿತು. ಔಷಧಿ ಅದರ ಶ್ವಾಸಕೋಶವನ್ನು ಬೇಗ ಬಲಿಯುವಂತೆ ಮಾಡಿತ್ತು. 1972ರಲ್ಲಿ ಲಿಗ್ಗಿನ್ಸ್ ಮತ್ತು ಹೋವಿ ಎಂಬ ವೈದ್ಯರು ಇದೇ ಉಪಾಯ ತಾಯಂದಿರಲ್ಲೂ ಫಲಿಸುತ್ತದೆಂದು ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ನಡೆಸಿ 2020ರಲ್ಲಿ ಪ್ರಕಟಿಸಿದ ದೊಡ್ಡ ಪರೀಕ್ಷೆಯಲ್ಲಿ ನಮ್ಮ ಬೆಳಗಾವಿಯೂ ಪಾಲುಗೊಂಡಿತ್ತು. ಸರಿಯಾದ ಆಸ್ಪತ್ರೆಯಲ್ಲಿ ಡೆಕ್ಸಾಮೆಥಸೋನ್ ಪಡೆದ ತಾಯಂದಿರ ಮಕ್ಕಳಲ್ಲಿ ಸಾವು ಕಡಿಮೆಯಾಯಿತು. ಭಾರತ ಸರ್ಕಾರದ 2014ರ ಮಾರ್ಗಸೂಚಿಯಂತೆ 24ರಿಂದ 34 ವಾರದೊಳಗೆ ಹೆರಿಗೆ ನೋವು ಬಂದ ತಾಯಿಗೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್ ಅನ್ನು 12 ಗಂಟೆಗೊಮ್ಮೆ ನಾಲ್ಕು ಸಲ ಕೊಡುತ್ತಾರೆ. ದೊಡ್ಡ ಆಸ್ಪತ್ರೆಗೆ ಕಳಿಸುವ ಮುಂಚೆ ಮೊದಲ ಚುಚ್ಚುಮದ್ದನ್ನು ಆರೋಗ್ಯ ಸಹಾಯಕಿಯೂ ಕೊಡಬಹುದು. ಆಕಳಿನ ಗಬ್ಬಕ್ಕೆ ಅಪಾಯವಾಗುವ ಔಷಧಿಯೇ ಇಲ್ಲಿ ಹಸುಳೆಯನ್ನು ಉಳಿಸುತ್ತದೆ. ಔಷಧಿ ಒಂದೇ, ಹದ ಬೇರೆ.

ಈ ನಾಲ್ಕು ಚುಚ್ಚುಮದ್ದು ಮುಗಿದು ಫಲ ಕೊಡಲು ಎರಡು ದಿನ ಬೇಕು. ಆ ಎರಡು ದಿನವನ್ನು ದೊರಕಿಸಿಕೊಡುವುದೇ ಗರ್ಭಕೋಶ ಸಡಿಲಿಸುವ ಔಷಧಿಯ ಕೆಲಸ. ಇದಕ್ಕೆ ಈಗ ಹೆಚ್ಚಾಗಿ ಬಳಸುವುದು ನಿಫೆಡಿಪಿನ್. ಇದು ಸ್ನಾಯುವಿನೊಳಕ್ಕೆ ಕ್ಯಾಲ್ಸಿಯಂ ಹೋಗುವ ಬಾಗಿಲನ್ನು ಮುಚ್ಚುತ್ತದೆ. ಇದನ್ನು ಕೊಟ್ಟ ಮೇಲೆ ದಾದಿಯರು ತಾಯಿಯ ರಕ್ತದೊತ್ತಡವನ್ನು ನೋಡುತ್ತಿರಬೇಕಾಗುತ್ತದೆ. ಔರಾದ ಅಥವಾ ಭಾಲ್ಕಿಯಿಂದ ಬೀದರಕ್ಕೆ ಸುಮಾರು 40 ಕಿಲೋಮೀಟರು. ಏಳೆಂಟು ತಿಂಗಳಲ್ಲೇ ನೋವು ಬಂದ ಹೆಣ್ಣುಮಗಳನ್ನು “ಸುಳ್ಳುನೋವು” ಎಂದು ಮನೆಯಲ್ಲಿ ಕೂರಿಸಿಕೊಂಡರೆ ಔಷಧಿ ಕೊಡಬಹುದಾದ ಸಮಯವೇ ಕಳೆದುಹೋಗುತ್ತದೆ. 108ಕ್ಕೆ ಕರೆ ಮಾಡಿ ಕೂಡಲೆ ಹೊರಡಬೇಕು.

ಇನ್ನೊಂದು ಮಾತು. ರಾಸಿಗೆ ತಂದ ಪ್ರೊಸ್ಟಾಗ್ಲಾಂಡಿನ್ ಔಷಧಿ ಚರ್ಮದ ಮೂಲಕವೂ ಒಳಗೆ ಸೇರುತ್ತದೆ. ಬಸುರಿ ಹೆಂಗಸರು ಮತ್ತು ಉಬ್ಬಸ ಇರುವವರು ಅದನ್ನು ಮುಟ್ಟಲೇಬಾರದು. ಒಡೆದ ಸೀಸೆ, ಬಳಸಿದ ಸೂಜಿಗಳನ್ನು ಕೊಟ್ಟಿಗೆ ಗುಡಿಸುವವರ ಕೈಗೆ ಸಿಗುವಂತೆ ಬಿಸಾಡಬಾರದು.

ಕಾನೂನಿನ ಮಾತು

ಆಕ್ಸಿಟೋಸಿನ್ ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಔಷಧಿ. ಹಾಲು ಇಳಿಸಲು ದಿನಾಲು ಅದನ್ನು ಚುಚ್ಚುವ ದುರಭ್ಯಾಸ ತಡೆಯಲೆಂದು 2018ರಲ್ಲಿ ಕೇಂದ್ರ ಸರ್ಕಾರ ದೇಶದ ಬಳಕೆಗೆ ಬೇಕಾದ ಆಕ್ಸಿಟೋಸಿನ್ ತಯಾರಿಕೆಯನ್ನು ಬೆಂಗಳೂರಿನ ಸಾರ್ವಜನಿಕ ಉದ್ಯಮವಾದ ಕರ್ನಾಟಕ ಆಂಟಿಬಯಾಟಿಕ್ಸ್ ಸಂಸ್ಥೆಯೊಂದಕ್ಕೇ ಮೀಸಲಿಡಲು ಆಜ್ಞೆ ಹೊರಡಿಸಿತ್ತು. ಬಾಣಂತಿಯರ ರಕ್ತಸ್ರಾವ ನಿಲ್ಲಿಸಲು ಈ ಔಷಧಿ ಎಲ್ಲೆಡೆ ಸಿಗಬೇಕಾದ್ದರಿಂದ ದೆಹಲಿ ಉಚ್ಚ ನ್ಯಾಯಾಲಯ ಅದೇ ವರ್ಷದ ಡಿಸೆಂಬರಿನಲ್ಲಿ ಆ ಆಜ್ಞೆಯನ್ನು ರದ್ದುಮಾಡಿತು. ಆದರೆ ರಾಸಿನ ಆರೋಗ್ಯ ಕೆಡುವಂತೆ ಹಾಲಿಗಾಗಿ ಚುಚ್ಚುಮದ್ದು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಂತೆ ಅಪರಾಧವಾಗಿಯೇ ಇದೆ.

ರೈತರು ನೆನಪಿಡಬೇಕಾದ ಅಂಶಗಳು

1. ಈಯುವ ರಾಸನ್ನು ಗದ್ದಲವಿಲ್ಲದ, ಒಣಗಿದ, ಶುಭ್ರ ಜಾಗದಲ್ಲಿ ಬಿಡಬೇಕು. ದೂರದಿಂದ ನೋಡಬೇಕು.

2. ನೋವು ಆರಂಭವಾದ ಹೊತ್ತು, ನೀರಿನ ಚೀಲ ಕಂಡ ಹೊತ್ತು ಇವನ್ನು ಗಡಿಯಾರ ನೋಡಿ ಗುರುತು ಹಾಕಬೇಕು. ವೈದ್ಯರು ಮೊದಲು ಕೇಳುವುದು ಇದನ್ನೇ.

3. ನೀರಿನ ಚೀಲ ಕಂಡು ಒಂದು ಗಂಟೆಯಾದರೂ ಕರುವಿನ ಕಾಲು ಕಾಣದಿದ್ದರೆ, ಅಥವಾ ಆರು ಗಂಟೆ ನೋವು ತಿಂದರೂ ಚೀಲವೇ ಕಾಣದಿದ್ದರೆ, ಪಶುವೈದ್ಯರಿಗೆ ತಿಳಿಸಬೇಕು. 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ನೆರವು ಕೇಳಬಹುದು.

4. ನೋವು ತಾನಾಗಿ ನಿಂತರೆ ಅದು ಸಮಾಧಾನದ ಲಕ್ಷಣವಲ್ಲ, ಅಪಾಯದ ಲಕ್ಷಣ.

5. ಕರುವಿನ ಕಾಲಿಗೆ ಹಗ್ಗ ಕಟ್ಟಿ ನಾಲ್ಕಾರು ಮಂದಿ ಎಳೆಯಕೂಡದು.

6. ಔಷಧಿ ಅಂಗಡಿಯಿಂದ ಚುಚ್ಚುಮದ್ದು ತಂದು ತಾವೇ ಕೊಡಕೂಡದು. ಯಾರೇ ಕೊಡಲಿ, “ಇದು ಸಡಿಲಿಸುವ ಔಷಧಿಯೋ, ಕುಗ್ಗಿಸುವ ಔಷಧಿಯೋ? ದಾರಿ ತೆರೆದಿದೆಯೇ?” ಎಂದು ಕೇಳಬೇಕು. ಕೊಟ್ಟ ಔಷಧಿಯ ಖಾಲಿ ಸೀಸೆಯನ್ನು ಮುಂದೆ ಬರುವ ವೈದ್ಯರಿಗೆ ತೋರಿಸಲು ಇಟ್ಟುಕೊಳ್ಳಬೇಕು.

7. ಊರಿನಲ್ಲಿ ಬಗೆಹರಿಯದ ಹೆರಿಗೆಯ ರಾಸನ್ನು ಬೀದರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಸಾಗಿಸಲು ಮರುದಿನದವರೆಗೆ ಕಾಯಬಾರದು.

ಕುಗ್ಗಿಸುವ ಔಷಧಿ ಬಲ ಕೊಡುತ್ತದೆ, ಸಡಿಲಿಸುವ ಔಷಧಿ ಸಮಯ ಕೊಡುತ್ತದೆ. ಮುಚ್ಚಿದ ಬಾಗಿಲಿನ ಮುಂದೆ ಬಲ ವ್ಯರ್ಥ. ಕೆಲಸ ಮಾಡುವ ಕೈ ಇಲ್ಲದೆ ಸಮಯವೂ ವ್ಯರ್ಥ. ಇವೆರಡನ್ನು ತಿಳಿದು, ಹೊತ್ತಿಗೆ ಸರಿಯಾಗಿ ಪಶುವೈದ್ಯರನ್ನು ಕರೆಸುವ ರೈತರ ಕೊಟ್ಟಿಗೆಯಲ್ಲಿ ತಾಯಿ ಮತ್ತು ಕರು ಎರಡೂ ಉಳಿಯುವ ಸಂಭವ ಹೆಚ್ಚು.